ಮೊದಲು ತೂಕ, ಆಮೇಲೆ ತೂತು

ಡಿಸೆಂಬರಿನಲ್ಲಿ ತಂಗಿ ನ್ಯೂಜೆರ್ಸಿಯಿಂದ ಬೆಳಗಾವಿಗೆ ಬಂದಳು. ಅವಳ ಮಗನಿಗೆ ಈಗ ಎಂಟು ವರ್ಷ. ಬ್ಯಾಗು ಒಳಗಿಡುವ ಮುಂಚೆಯೇ ಅವನು ಒಂದು ರಟ್ಟಿನ ಡಬ್ಬಿ ತೆಗೆದು ನನ್ನ ಕೈಗಿಟ್ಟ. ಒಳಗೆ ಪೈನ್ ಕಟ್ಟಿಗೆಯ ಒಂದು ತುಂಡು, ನಾಲ್ಕು ಪ್ಲಾಸ್ಟಿಕ್ ಗಾಲಿ, ನಾಲ್ಕು ಮೊಳೆ. ಅಷ್ಟೇ.

"ಮಾಮಾ, ಇದನ್ನ ಕಾರ್ ಮಾಡೂನು. ಫೆಬ್ರವರಿದಾಗ ರೇಸ್ ಐತಿ."

ಅಲ್ಲಿ ಹುಟ್ಟಿ ಬೆಳೆದ ಹುಡುಗ, ಆದರೆ ಮಾತು ಪೂರ್ತಿ ನಮ್ಮವ್ವನ ಮಾತು. ಹಿಗ್ಗಿಗೆ ಅವತ್ತೇ ಕೆಲಸ ಶುರು ಮಾಡಿದೆವು.

ಇದಕ್ಕೆ ಪೈನ್‌ವುಡ್ ಡರ್ಬಿ ಅಂತಾರೆ. ಅಮೆರಿಕದ ಕಬ್ ಸ್ಕೌಟ್, ಅಂದರೆ ಸ್ಕೌಟ್ ಸಂಘದ ಚಿಕ್ಕ ಮಕ್ಕಳು, ಮಾಡುವ ಆಟ. 1953ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್ ಎಂಬ ಊರಿನಲ್ಲಿ ಡಾನ್ ಮರ್ಫಿ ಎನ್ನುವವರು ಇದನ್ನು ಶುರು ಮಾಡಿದರು. ಅವರ ಮಗನಿಗೆ ಆಗ ಹತ್ತು ವರ್ಷ, ಮಕ್ಕಳು ತಾವೇ ಒಳಗೆ ಕೂತು ಓಡಿಸುವ ದೊಡ್ಡ ಸೋಪ್ ಬಾಕ್ಸ್ ಗಾಡಿ ರೇಸಿಗೆ ಇನ್ನೂ ವಯಸ್ಸಾಗಿರಲಿಲ್ಲ, ಅದಕ್ಕೇ ಅಪ್ಪ ಕೈಯಲ್ಲಿ ಹಿಡಿಯುವಷ್ಟು ಸಣ್ಣ ಗಾಡಿಯ ರೇಸ್ ಹುಡುಕಿದರು. ಇದರಲ್ಲಿ ಮೋಟರ್ ಇಲ್ಲ, ಸ್ಪ್ರಿಂಗ್ ಇಲ್ಲ. ಸುಮಾರು ನಾಲ್ಕು ಅಡಿ ಎತ್ತರದಿಂದ ಇಳಿಜಾರಿನಲ್ಲಿ ಬಿಡುತ್ತಾರೆ, ಇಳಿದು ಬಂದ ರಭಸದಲ್ಲೇ ಉಳಿದ ದೂರ ಓಡಬೇಕು. ಉದ್ದ 7 ಇಂಚು ಮೀರಬಾರದು, ತೂಕ 5 ಔನ್ಸ್ ಮೀರಬಾರದು. 5 ಔನ್ಸ್ ಅಂದರೆ 141.7 ಗ್ರಾಂ.

ಎಲ್ಲ ಕಸರತ್ತು ಇರೋದು ಆ 141.7 ಗ್ರಾಮಿನಲ್ಲೇ. ತೂಕ ಕಡಿಮೆ ಇದ್ದರೆ ಎದುರು ಗಾಳಿಯ ತಡೆ ಕಾರನ್ನು ಬೇಗ ಸೋಲಿಸುತ್ತದೆ. ಹಾಗಾಗಿ ಮಿತಿಯ ತುದಿಯವರೆಗೆ ತೂಕ ತುಂಬಬೇಕು. ಆದರೆ ಪೈನ್ ಬಹಳ ಹಗುರ. ಗೋಕಾಕದ ಕಟ್ಟಿಗೆ ಹಣ್ಣು ಕೈಯಲ್ಲಿ ಹಿಡಿದವರಿಗೆ ಗೊತ್ತಲ್ವಾ, ಕಣ್ಣಿಗೆ ಮಾವಿನಹಣ್ಣು, ಎತ್ತಿದರೆ ಏನೂ ಇಲ್ಲ. ಹಾಗೇ ಇದು. ಚೂಪು ಮೂತಿಯ ಆಕಾರಕ್ಕೆ ಕೊಯ್ದ ಮೇಲೆ ನಮ್ಮ ಮೊದಲ ಕಾರಿನ ಮೈ ತೂಗಿದ್ದು 41 ಗ್ರಾಂ, ಗಾಲಿ ಮೊಳೆ ಸೇರಿ 14 ಗ್ರಾಂ. ಉಳಿದ 86 ಗ್ರಾಂ ಎಲ್ಲಿಡಬೇಕು? ಮೇಲೆ ಅಂಟಿಸಿದರೆ ಗಾಳಿಗೆ ಅಡ್ಡ. ಕೆಳಗೆ ತೂಗುಹಾಕುವಂತಿಲ್ಲ, ಯಾಕೆಂದರೆ ಟ್ರ್ಯಾಕಿನ ನಡುವೆ ಒಂದು ಪಟ್ಟಿ ಇರುತ್ತದೆ, ಕಾರು ಅದನ್ನು ಗಾಲಿಗಳ ನಡುವೆ ಹಾಕಿಕೊಂಡು ಓಡಬೇಕು, ಅದಕ್ಕಾಗಿ ಹೊಟ್ಟೆಯ ಕೆಳಗೆ 9.5 ಮಿಮೀ ಜಾಗ ಬಿಡಬೇಕೆಂಬ ನಿಯಮ ಇದೆ. ಉಳಿದದ್ದು ಒಂದೇ ದಾರಿ. ಕಟ್ಟಿಗೆಯೊಳಗೆ ಕುಳಿ ತೆಗೆದು ತೂಕ ಹೂಳಬೇಕು.

ನಾನು ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಒಂದು ಮಷಿನ್ ಶಾಪಿನಲ್ಲಿ ಕೆಲಸ ಮಾಡುವವನು. ಕಬ್ಬಿಣಕ್ಕೆ ತೂತು ಹಾಕುವುದು ದಿನದ ಕೆಲಸ. ಕಟ್ಟಿಗೆಗೆ ಹಾಕುವುದು ಬೇರೆಯೇ ವಿದ್ಯೆ ಅಂತ ಮೊದಲ ದಿನವೇ ಗೊತ್ತಾಯಿತು.

ಮನೆಯಲ್ಲಿ ಇದ್ದ ಸಾಮಾನು ಇಷ್ಟು: ಒಂದು ಕೈ ಡ್ರಿಲ್ ಮಷಿನ್, ಗರಗಸ, 6 ಮಿಮೀದು ಮತ್ತು 12 ಮಿಮೀದು ಎರಡು ಉಳಿ, ಸಣ್ಣ ವೈಸ್, ಪಾಲಿಶ್ ಪೇಪರ್, ಸ್ಟೀಲ್ ಪಟ್ಟಿ, ಅಡುಗೆಮನೆಯ ಡಿಜಿಟಲ್ ತಕ್ಕಡಿ. ಆಚೆ ಮನೆಯ ಬಡಿಗೇರ ಕಾಕಾ ತಮ್ಮ 35 ಮಿಮೀ ಬಿಟ್ ಕೊಟ್ಟರು, ಕಪಾಟಿನ ಬಾಗಿಲಿಗೆ ಆಟೋ ಹಿಂಜಸ್ ಕೂಡಿಸಲು ದುಂಡನೆಯ ಕುಳಿ ತೆಗೆಯುತ್ತಾರಲ್ಲ, ಅದು. ನನ್ನ ಲೆಕ್ಕ ಹೀಗಿತ್ತು. 35 ಮಿಮೀ ಅಗಲ, 11 ಮಿಮೀ ದಪ್ಪದ ಒಂದು ಉಕ್ಕಿನ ಬಿಲ್ಲೆ ಸುಮಾರು 83 ಗ್ರಾಂ ಬರುತ್ತದೆ. ಲೇಥಿನಲ್ಲಿ ಬಿಲ್ಲೆ ಕೊಯ್ಯುವುದು ಹತ್ತು ನಿಮಿಷದ ಕೆಲಸ. ಹಿಂದಿನ ಗಾಲಿಯ ಮುಂದೆ ಒಂದೇ ದೊಡ್ಡ ಕುಳಿ ತೆಗೆದು ಬಿಲ್ಲೆ ಕೂಡಿಸಿದರೆ ಮುಗೀತು.

ಕಾರು ತಿರುವಿ ಹಿಡಿದು ಹೊಟ್ಟೆಯ ಕಡೆಯಿಂದ ಡ್ರಿಲ್ ಇಳಿಸಿದೆ. ಕಬ್ಬಿಣದಲ್ಲಿ ಬಿಟ್ ನಿಧಾನ ಇಳಿಯುತ್ತದೆ, ಕೈಗೆ ಎದುರು ಒತ್ತಡ ಸಿಗುತ್ತದೆ, ಎಲ್ಲಿ ನಿಲ್ಲಿಸಬೇಕು ಅಂತ ಕೈಯೇ ಹೇಳುತ್ತದೆ. ಪೈನಿನಲ್ಲಿ ಹಾಗಲ್ಲ. ಒಂದು ಕ್ಷಣ ಹೊಟ್ಟು ಹಾರುತ್ತಿತ್ತು, ಮರುಕ್ಷಣ ಕಾರಿನ ಬೆನ್ನ ಮೇಲೆ ಸಣ್ಣ ಚೂಪು ಮೊನೆ ಇಣುಕಿತು. ಆ ಬಿಟ್‌ನ ನಡುವೆ ಒಂದು ಮೊನೆ ಇರುತ್ತದೆ, ಅಂಚಿಗಿಂತ ಎರಡು ಮೂರು ಮಿಮೀ ಮುಂದೆ. ನಾನು ಕುಳಿಯ ಆಳ ಅಳೆದಿದ್ದೆ, ಮೊನೆಯ ಉದ್ದ ಅಳೆದಿರಲಿಲ್ಲ. ಹುಡುಗ ಏನೂ ಅನ್ನಲಿಲ್ಲ, ತೂತಿನ ಮೇಲೆ ಬೆರಳಿಟ್ಟುಕೊಂಡು ನೋಡುತ್ತಾ ನಿಂತ. ಅವನ ಮುಖ ನೋಡಿ ನನಗೆ ಬಹಳ ಕೆಟ್ಟದೆನಿಸಿತು. ಪುಣ್ಯಕ್ಕೆ ತಂಗಿ ಎರಡು ಕಿಟ್ ತಂದಿದ್ದಳು.

ಬಡಿಗೇರ ಕಾಕಾ ಬಂದು ಕಾರನ್ನು ಅತ್ತ ಇತ್ತ ತಿರುಗಿಸಿ ನೋಡಿ ಹೇಳಿದ್ದು ಇಷ್ಟೇ: "ತಮ್ಮಾ, ಸಣ್ಣ ತೂತು ದೊಡ್ಡದು ಮಾಡಾಕ ಬರ್ತದ. ದೊಡ್ಡದು ಸಣ್ಣದು ಮಾಡಾಕ ಬರಂಗಿಲ್ಲ."

ಆ ಕೆಟ್ಟ ಕಾರು ಬಿಸಾಡಲಿಲ್ಲ. ಅದಕ್ಕೇ ಬಿಲ್ಲೆ ಇಟ್ಟು, ಟೇಪ್ ಸುತ್ತಿ, ಗಾಲಿ ಹಾಕಿ, ಸ್ಟೀಲ್ ಪಟ್ಟಿಯ ಅಂಚಿನ ಮೇಲೆ ಅಡ್ಡ ಇಟ್ಟು ಎಲ್ಲಿ ಸಮತೂಕ ನಿಲ್ಲುತ್ತದೆ ಅಂತ ನೋಡಿದೆವು. ಹಿಂದಿನ ಗಾಲಿಯ ಮೊಳೆಯಿಂದ 34 ಮಿಮೀ ಮುಂದೆ ನಿಂತಿತು. ಇದು ಜಾಸ್ತಿ ಮುಂದೆ. ಈ ಆಟದಲ್ಲಿ ಪಳಗಿದವರು ಈ ಜಾಗ ಹಿಂದಿನ ಮೊಳೆಯಿಂದ ಮುಕ್ಕಾಲು ಇಂಚಿನಿಂದ ಒಂದು ಇಂಚು ಮುಂದೆ ಇರಲಿ ಅಂತಾರೆ. ಅಂದರೆ 19ರಿಂದ 25 ಮಿಮೀ. ಬೆನ್ನು ತೂತಾಗದೇ ಹೋಗಿದ್ದರೂ ಆ ಕಾರು ತಪ್ಪೇ ಆಗುತ್ತಿತ್ತು.

ಭಾರ ಹಿಂದೆ ಯಾಕೆ ಅಂತ ಹುಡುಗ ಕೇಳಿದ. ಒಂದು ಹಲಗೆಯನ್ನು ಓರೆಯಾಗಿ ಗೋಡೆಗೆ ಒರಗಿಸಿ ತೋರಿಸಿದೆ. ರೇಸ್ ಶುರುವಾಗುವಾಗ ಎಲ್ಲ ಕಾರುಗಳ ಮೂತಿ ಒಂದೇ ಗೆರೆಯಲ್ಲಿ ಇರುತ್ತದೆ, ಬಾಲ ಇಳಿಜಾರಿನ ಮೇಲ್ಭಾಗದಲ್ಲಿ. ಭಾರ ಬಾಲದಲ್ಲಿ ಇದ್ದಷ್ಟೂ ಅದು ಹೆಚ್ಚು ಎತ್ತರದಲ್ಲಿ ಇರುತ್ತದೆ, ಹೆಚ್ಚು ಎತ್ತರದಿಂದ ಬೀಳುತ್ತದೆ. ಇಳಿಜಾರು 30 ಡಿಗ್ರಿ ಅಂದುಕೊಳ್ಳಿ, ಭಾರ 25 ಮಿಮೀ ಹಿಂದೆ ಸರಿದರೆ 12 ಮಿಮೀಗಿಂತ ಸ್ವಲ್ಪ ಜಾಸ್ತಿ ಎತ್ತರ ಪುಕ್ಕಟೆ ಸಿಕ್ಕ ಹಾಗೆ. ಕೂದಲೆಳೆಯಲ್ಲಿ ಗೆಲ್ಲುವ ಆಟದಲ್ಲಿ ಅದು ಸಣ್ಣದಲ್ಲ.

ಹಾಗಾದ್ರ ಪೂರ್ತಿ ಹಿಂದೇನ ಇಡೂನು ಅಂದ. ಅದಕ್ಕೆ ನನಗೆ ನಮ್ಮ ಅಜ್ಜನ ಚಕ್ಕಡಿ ನೆನಪಾಯಿತು. ಬೈಲಹೊಂಗಲದ ಕಡೆ ನಮ್ಮ ಹೊಲ. ಕಬ್ಬು ಹೇರುವಾಗ ಅಜ್ಜ ಪ್ರತಿ ಹೊರೆಗೂ ನೊಗದ ಹತ್ತಿರ ಬಂದು ಕೈಯಿಂದ ಎತ್ತಿ ನೋಡುತ್ತಿದ್ದ. ಮುಂಭಾರ ಆದರೆ ಎತ್ತಿನ ಹೆಗಲು ಜಜ್ಜುತ್ತದೆ, ಹಿಂಭಾರ ಆದರೆ ಮೂಕಿ ಮೇಲೆದ್ದು ಎತ್ತಿನ ಕೊರಳಿಗೆ ಹಗ್ಗ ಬಿಗಿಯುತ್ತದೆ. ನೊಗದ ಮೇಲೆ ಒಂಚೂರು ಭಾರ ಇರಲೇಬೇಕು. ಈ ಕಾರಿಗೂ ಅದೇ ಮಾತು. ಪೂರ್ತಿ ಹಿಂಭಾರ ಆದರೆ ಮುಂದಿನ ಗಾಲಿಗಳ ಮೇಲೆ ತೂಕವೇ ಇಲ್ಲದೆ ಮೂತಿ ಎಡಕ್ಕೆ ಬಲಕ್ಕೆ ಅಲ್ಲಾಡುತ್ತದೆ, ನಡುವಿನ ಪಟ್ಟಿಗೆ ಬಡಿಯುತ್ತದೆ, ಬಡಿದಾಗಲೆಲ್ಲ ವೇಗ ಕಳೆದುಕೊಳ್ಳುತ್ತದೆ. ನಾನು ಹೇಳಿದ್ದಕ್ಕಿಂತ ತಂಗಿ ಫೋನಿನಲ್ಲಿ ತೋರಿಸಿದ ಚಕ್ಕಡಿಯ ಫೋಟೋ ಅವನಿಗೆ ಜಾಸ್ತಿ ತಿಳಿಯಿತು.

ಎರಡನೇ ತುಂಡಿಗೆ ಕೈ ಹಚ್ಚುವ ಮೊದಲು ಎರಡು ದಿನ ಬರೀ ತೂಕ ಹುಡುಕಿದೆವು. ಈ ಕೆಲಸ ಮಾಡುವವರಿಗೆ ನಾನು ಹೇಳಬೇಕೆಂದಿರುವುದು ಇದನ್ನೇ. ಕುಳಿ ತೆಗೆದು ಆಮೇಲೆ ಅದರಲ್ಲಿ ಏನು ತುಂಬಲಿ ಅಂತ ಹುಡುಕಬೇಡಿ. ಯಾವ ತೂಕ ಸಿಗುತ್ತದೋ ಅದನ್ನು ಕೈಯಲ್ಲಿ ಹಿಡಿದು, ತೂಗಿ, ಕಾರಿನ ಮೇಲೆ ಇಟ್ಟು, ಸಮತೂಕ ನೋಡಿ, ಆಮೇಲೆ ಅದರ ಅಳತೆಗೆ ತೂತು ಹಾಕಿ.

ಸೀಸ ಎಲ್ಲರಿಗೂ ಮೊದಲು ನೆನಪಾಗುತ್ತದೆ. ಒಂದು ಘನ ಸೆಂಟಿಮೀಟರಿಗೆ 11.3 ಗ್ರಾಂ, ಉಕ್ಕಿನ 7.85ಕ್ಕಿಂತ ಎಷ್ಟೋ ಭಾರ, ಮೆತ್ತಗೆ, ಸುಲಭವಾಗಿ ಕರಗುತ್ತದೆ. ಆದರೆ ಸೀಸ ವಿಷ, ಮಕ್ಕಳಿಗಂತೂ ಇನ್ನೂ ಕೆಟ್ಟದ್ದು. ಎಂಟು ವರ್ಷದ ಹುಡುಗ ಕೈಯಾರೆ ಮಾಡುವ ಕೆಲಸದಲ್ಲಿ, ನಮ್ಮವ್ವ ರೊಟ್ಟಿ ಬಡಿಯುವ ಮನೆಯಲ್ಲಿ ಸೀಸ ಕರಗಿಸಲು ನಾನು ಒಪ್ಪಲಿಲ್ಲ. ನೀವೂ ಒಪ್ಪಬೇಡಿ.

ಉಕ್ಕಿನ ಸರಳಿನ ಲೆಕ್ಕ ನಮ್ಮ ಊರಿನ ಪ್ರತಿ ಗೌಂಡಿಗೂ ಬಾಯಿಪಾಠ. ಮಿಮೀಯಲ್ಲಿ ಸರಳಿನ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿಗೆ ಎಷ್ಟು ಕಿಲೋ ಅಂತ ಬರುತ್ತದೆ. 12 ಮಿಮೀ ಸರಳಿಗೆ 0.889. ಅಂದರೆ ಒಂದು ಸೆಂಟಿಮೀಟರಿಗೆ ಸುಮಾರು 9 ಗ್ರಾಂ. ಮನೆ ಕಟ್ಟುವ ಸರಳು ನಡೆಯುವುದಿಲ್ಲ, ಅದರ ಮೈಮೇಲೆ ಏಣುಗಳಿರುತ್ತವೆ, ತೂತಿನಲ್ಲಿ ಕೂರುವುದಿಲ್ಲ. ಲೇಥ್ ಅಂಗಡಿಗಳಲ್ಲಿ ಸಿಗುವ ನುಣುಪಾದ ಬ್ರೈಟ್ ಬಾರ್ ಬೇಕು. ಶಾಪಿನ ಕಸದ ಡಬ್ಬಿಯಲ್ಲಿ ಬಿದ್ದಿದ್ದ 12 ಮಿಮೀ ತುಂಡಿನಿಂದ 20 ಮಿಮೀ ಉದ್ದದ ನಾಲ್ಕು ತುಂಡು ಕೊಯ್ದೆ. ನಾಲ್ಕೂ ಸೇರಿ 71 ಗ್ರಾಂ.

ಕಿಟ್‌ನ ತುಂಡು 44 ಮಿಮೀ ಅಗಲ. ಎರಡೂ ಪಕ್ಕದಿಂದ ಇಪ್ಪತ್ತಿಪ್ಪತ್ತು ಮಿಮೀ ಒಳಗೆ ಹೋದರೆ ನಡುವೆ 4 ಮಿಮೀ ಕಟ್ಟಿಗೆ ಗೋಡೆ ಉಳಿಯುತ್ತದೆ. ಎರಡು ತೂತು ಹಿಂದಿನ ಮೊಳೆ ಕೂರುವ ಕಚ್ಚಿನ ಮುಂದೆ, ಎರಡು ಹಿಂದೆ, ಕಚ್ಚಿನಿಂದ ತೂತಿನ ನಡುವಿಗೆ 12 ಮಿಮೀ. ಹಾಗೆ ಮಾಡಿದರೆ ಉಕ್ಕಿನ ಎಲ್ಲ ಭಾರ ಸರಿಯಾಗಿ ಹಿಂದಿನ ಗಾಲಿಗಳ ಮೇಲೆ ಕೂರುತ್ತದೆ, ಕಟ್ಟಿಗೆ ಮತ್ತು ಮುಂದಿನ ಗಾಲಿಗಳ ತೂಕ ಸಮತೂಕದ ಜಾಗವನ್ನು ಬೇಕಾದಷ್ಟೇ ಮುಂದೆ ಎಳೆಯುತ್ತದೆ. ಇನ್ನೊಂದು ಅನುಕೂಲ, ತೂತಿನ ಬಾಯಿ ಬಹುಪಾಲು ಗಾಲಿಯ ಹಿಂದೆ ಮುಚ್ಚಿಹೋಗುತ್ತದೆ.

ಈ ಸಲ ಆಕಾರ ಕೊಯ್ಯುವ ಮೊದಲೇ ತೂತು ಹಾಕಿದೆವು. ತುಂಡು ಚೌಕಾಗಿ ಇರುವಾಗ ವೈಸಿನಲ್ಲಿ ಗಟ್ಟಿ ಕೂರುತ್ತದೆ, ನಾಲ್ಕೂ ಬದಿ ನೇರ ಇರುತ್ತವೆ. ಓರೆ ಕೊಯ್ದ ಮೇಲೆ ಅದನ್ನು ಹಿಡಿಯುವುದೇ ಕಷ್ಟ. ಕೈ ಡ್ರಿಲ್ ಸೊಟ್ಟ ಹೋಗದ ಹಾಗೆ ಒಂದು ಉಪಾಯ ಮಾಡಿದೆ. 25 ಮಿಮೀ ದಪ್ಪದ ಸಾಗವಾನಿ ತುಂಡಿಗೆ ಶಾಪಿನ ಪಿಲ್ಲರ್ ಡ್ರಿಲ್ಲಿನಲ್ಲಿ (ಕಂಬಕ್ಕೆ ಕೂಡಿಸಿದ, ನೆಟ್ಟಗೆ ಇಳಿಯುವ ಡ್ರಿಲ್) ನೆಟ್ಟಗೆ ಒಂದು 12 ಮಿಮೀ ತೂತು ಹಾಕಿಸಿ ತಂದೆ. ಅದನ್ನು ಕಾರಿನ ಪಕ್ಕಕ್ಕೆ ಕ್ಲಾಂಪ್ ಮಾಡಿದರೆ ಬಿಟ್ ಆ ತೂತಿನೊಳಗಿಂದಲೇ ಹೋಗಬೇಕು, ಆಚೆ ಈಚೆ ಹೊರಳುವಂತಿಲ್ಲ. ಪಿಲ್ಲರ್ ಡ್ರಿಲ್ ಯಾವ ಫ್ಯಾಬ್ರಿಕೇಶನ್ ಅಂಗಡಿಯಲ್ಲೂ ಇರುತ್ತದೆ, ಕೇಳಿದರೆ ಒಂದು ತೂತು ಹಾಕಿ ಕೊಡುತ್ತಾರೆ. ಬಿಟ್‌ಗೆ ಮೊನೆಯಿಂದ 45 ಮಿಮೀ ಬಿಟ್ಟು ಬಣ್ಣದ ಟೇಪ್ ಸುತ್ತಿದೆ. 25 ಸಾಗವಾನಿಗೆ, 20 ಕಾರಿಗೆ. ಈ ಸಲ ಮೊನೆಯನ್ನೂ ಸೇರಿಸಿಯೇ ಅಳೆದೆ.

ಡ್ರಿಲ್ ನಾನು ಹಿಡಿದೆ, ಟೇಪ್ ನೋಡುವ ಕೆಲಸ ಅವನದು. ಕನ್ನಡಕ ಇಬ್ಬರಿಗೂ. ಮಷಿನ್ ನಿಧಾನಕ್ಕೆ ತಿರುಗಿಸುತ್ತಾ, ಐದು ಐದು ಮಿಮೀಗೆ ಹೊರಗೆ ಎಳೆದು ಹೊಟ್ಟು ಕೊಡವುತ್ತಾ ಹೋದೆವು. ಹೊಟ್ಟು ಒಳಗೇ ಉಳಿದರೆ ಬಿಟ್ ಬಿಸಿಯಾಗಿ ತೂತಿನ ಗೋಡೆ ಸುಟ್ಟು ಗಾಜಿನ ಹಾಗೆ ನುಣುಪಾಗುತ್ತದೆ, ಅಂಟು ಹಿಡಿಯುವುದಿಲ್ಲ. "ನಿಲ್ಲಸು!" ಅಂತ ಅವನು ನಾಲ್ಕು ಸಲ ಕೂಗಿದ, ನಾಲ್ಕು ಸಲವೂ ಸರಿಯಾದ ಹೊತ್ತಿಗೆ. ಆಮೇಲೆ ಗರಗಸದಿಂದ ಓರೆ ಕೊಯ್ದೆವು, ಈ ಸಲ ಹಿಂದೆ 20 ಮಿಮೀ ದಪ್ಪ ಬಿಟ್ಟು, ಮುಂದೆ 6.

ಸರಳು ಕೂಡಿಸುವಾಗ ಇನ್ನೊಂದು ಪಾಠ. ತೂತಿಗೆ ಅರಾಲ್ಡೈಟ್ ಹಚ್ಚಿ ಸರಳು ಒತ್ತಿದರೆ ಒಳಗಿನ ಗಾಳಿಗೆ ಹೊರಬರಲು ದಾರಿ ಇಲ್ಲ. ಒಳಗೆ ಹೋದ ಹಾಗೆ ಕಾಣುತ್ತದೆ, ಕೈ ಬಿಟ್ಟು ಸ್ವಲ್ಪ ಹೊತ್ತಿಗೆ ಮೆಲ್ಲಗೆ ಒಂದು ಮಿಮೀ ಹೊರಗೆ ಬಂದಿರುತ್ತದೆ. ಆ ಒಂದು ಮಿಮೀ ಸಾಕು, ಗಾಲಿ ಅದಕ್ಕೆ ತಾಗಿ ಉಜ್ಜುತ್ತದೆ. ಸರಳನ್ನು ಹೊರತೆಗೆದು, ಕಾನಸಿನಿಂದ (ಅಂದರೆ ಅರದಿಂದ) ಒಂದು ಬದಿಗೆ ಉದ್ದಕ್ಕೆ ತೆಳ್ಳಗೆ ಚಪ್ಪಟೆ ಮಾಡಿದೆ. ಈಗ ಒತ್ತಿದರೆ ಆ ಸಂದಿಯಿಂದ ಗುಳ್ಳೆ ಗುಳ್ಳೆಯಾಗಿ ಗಾಳಿ ಹೊರಬಂತು, ಹಿಂದೆಯೇ ಒಂದು ಹನಿ ಅಂಟು. ಸರಳು ಒಳಗೆ ಹೋಗಿ ಅಲ್ಲೇ ಕೂತಿತು.

ಇಷ್ಟಾದರೂ ತೂಕ ಸಾಲಲಿಲ್ಲ. ಕೊರೆದು ತೆಗೆದ ಹೊಟ್ಟಿಗೂ ತೂಕ ಇರುತ್ತದೆ ಅನ್ನುವುದನ್ನು ಮರೆಯಬೇಡಿ, ನಾಲ್ಕು ತೂತಿನಿಂದ ಸುಮಾರು ನಾಲ್ಕು ಗ್ರಾಂ ಕಟ್ಟಿಗೆ ಹೋಗಿತ್ತು. ಬಣ್ಣ, ಅಂಟಿಗೆ ಜಾಗ ಬಿಟ್ಟು ಇನ್ನೂ 13 ಗ್ರಾಂ ಬೇಕಿತ್ತು, ಅದೂ ಕಡಿಮೆ ಜಾಗದಲ್ಲಿ. ಅಮೆರಿಕದಲ್ಲಿ ಇದಕ್ಕೆ ಬಹಳ ಭಾರದ ಲೋಹವಾದ ಟಂಗ್‌ಸ್ಟನ್ ತುಂಡುಗಳನ್ನೇ ಮಾರುತ್ತಾರೆ. ಘನ ಸೆಂಟಿಮೀಟರಿಗೆ 19.3 ಗ್ರಾಂ, ಹೆಚ್ಚುಕಡಿಮೆ ಬಂಗಾರದಷ್ಟು ಭಾರ. ಬೆಳಗಾವಿಯಲ್ಲಿ ಎಲ್ಲಿ ಸಿಗಬೇಕು ಅಂತ ಯೋಚಿಸುತ್ತಾ ಶಾಪಿನಲ್ಲಿ ನಿಂತಿದ್ದಾಗ ಎದುರಿಗೇ ಟಿಗ್ ಎಂಬ ಬಗೆಯ ವೆಲ್ಡಿಂಗ್ ನಡೆದಿತ್ತು. ಟಿಗ್ ಟಾರ್ಚಿನ ಮೊನೆಯಲ್ಲಿ ಇರುವ ಕಡ್ಡಿಯೇ ಟಂಗ್‌ಸ್ಟನ್! 2.4 ಮಿಮೀ ದಪ್ಪ, 150 ಮಿಮೀ ಉದ್ದದ ಒಂದು ಕಡ್ಡಿ ಲೆಕ್ಕ ಹಾಕಿದರೆ 13 ಗ್ರಾಂ ಬರುತ್ತದೆ, ತೂಗಿದರೂ ಅಷ್ಟೇ ಬಂತು. ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಬಿಡಿಯಾಗಿಯೂ ಕೊಡುತ್ತಾರೆ. ಒಂದು ಎಚ್ಚರ: ಕೆಂಪು ತುದಿಯ ಕಡ್ಡಿ ಬೇಡವೇ ಬೇಡ, ಅದರಲ್ಲಿ ಥೋರಿಯಂ ಇರುತ್ತದೆ, ಅದಕ್ಕೆ ವಿಕಿರಣ ಇದೆ. ಹಸಿರು ತುದಿಯದು ಬರೀ ಟಂಗ್‌ಸ್ಟನ್, ಅದನ್ನೇ ಕೇಳಿ. ಇದು ಗರಗಸಕ್ಕೆ ಬಗ್ಗುವುದಿಲ್ಲ. ಗ್ರೈಂಡರಿನಿಂದ ಸುತ್ತ ಗೀರು ಹಾಕಿ, ಬಟ್ಟೆ ಸುತ್ತಿ ವೈಸಿನಲ್ಲಿ ಹಿಡಿದು ಮುರಿಯಬೇಕು. ಮುರಿಯುವಾಗ ಚೂರು ಸಿಡಿಯುತ್ತದೆ, ಧೂಳೂ ಒಳ್ಳೆಯದಲ್ಲ, ಹಾಗಾಗಿ ಈ ಕೆಲಸ ಹುಡುಗನನ್ನು ದೂರ ಇಟ್ಟು, ಮಾಸ್ಕ್ ಹಾಕಿ ಶಾಪಿನಲ್ಲೇ ಮುಗಿಸಿದೆ. 30 ಮಿಮೀದು ಐದು ತುಂಡು.

ಐದನ್ನೂ ಕಾರಿಗೆ ಅಡ್ಡವಾಗಿ ಸಾಲಾಗಿ ಮಲಗಿಸಲು ಹೊಟ್ಟೆಯ ಕಡೆ, ಮುಂದಿನ ಸರಳುಗಳಿಗಿಂತ ಸ್ವಲ್ಪ ಮುಂದೆ, 32 ಮಿಮೀ ಉದ್ದ, 12.5 ಮಿಮೀ ಅಗಲ, 3 ಮಿಮೀ ಆಳದ ಕುಳಿ ಬೇಕು. ಇಷ್ಟಕ್ಕೆ ಡ್ರಿಲ್ ಬೇಡ, ಉಳಿ ಸಾಕು. ಇಲ್ಲಿ ಕಾಕಾ ಹತ್ತಿರ ಕೂತು ಹೇಳಿಕೊಟ್ಟರು. ಮೊದಲು ಚೂಪು ಚಾಕುವಿನಿಂದ ನಾಲ್ಕೂ ಗೆರೆ ಆಳವಾಗಿ ಗೀರಬೇಕು. ಆಮೇಲೆ ಉಳಿಯ ಚಪ್ಪಟೆ ಮೈ ಗೆರೆಯ ಕಡೆ, ಓರೆ ಮೈ ಕುಳಿಯ ಕಡೆ ಇರಬೇಕು. ಕಟ್ಟಿಗೆಯ ಎಳೆಗೆ ಅಡ್ಡ ಹೋಗುವ ಉದ್ದನೆಯ ಬದಿಗಳಲ್ಲಿ ಸುತ್ತಿಗೆಯಿಂದ ಸಣ್ಣಗೆ ಬಡಿಯಬಹುದು. ಎಳೆಯ ಗುಂಟ ಇರುವ ಎರಡು ಗಿಡ್ಡ ಬದಿಗಳಲ್ಲಿ ಬಡಿದರೆ ಪೈನ್ ಸೀಳಿ ಬಿರುಕು ಕಾರಿನ ತುದಿಯವರೆಗೂ ಓಡಬಹುದು, ಅಲ್ಲಿ ಅಂಗೈಯಿಂದ ಒತ್ತಿಯಷ್ಟೇ ಕತ್ತರಿಸಬೇಕು. ಹುಡುಗ ನಾಲಗೆ ಹೊರಗೆ ಹಾಕಿಕೊಂಡು ಅರ್ಧ ಗಂಟೆ ಒತ್ತಿದ. ಈರುಳ್ಳಿ ಸಿಪ್ಪೆಯಷ್ಟು ತೆಳು ಚಕ್ಕೆಗಳು ಎದ್ದು ಬಂದವು. ಕುಳಿಯ ತಳ ಅವನೇ ಬೆರಳಿನಿಂದ ಸವರಿ ನೋಡಿ, ಇನ್ನೂ ಒಂದು ಕಡೆ ಉಬ್ಬು ಐತಿ ಅಂತ ಮತ್ತೆ ಕೂತ. ಮೇಲೆ ಎಂ-ಸೀಲ್ ಹಾಕಿ ಸಮ ಮಾಡಿ, ಒಣಗಿದ ಮೇಲೆ ಪಾಲಿಶ್ ಪೇಪರ್ ಹಾಕಿದೆವು.

ಸ್ಟೀಲ್ ಪಟ್ಟಿಯ ಮೇಲೆ ಇಟ್ಟಾಗ 22 ಮಿಮೀ. ತಕ್ಕಡಿಯ ಮೇಲೆ, ನೀಲಿ ಬಣ್ಣ ಹೊಡೆದ ಮೇಲೆ, 138. ಅಡುಗೆಮನೆಯ ತಕ್ಕಡಿಯನ್ನು ಪೂರ್ತಿ ನಂಬದೆ ಪರಿಚಯದ ಅಕ್ಕಸಾಲಿಗರ ಹತ್ತಿರ ಹೋಗಿ ಬಂಗಾರ ತೂಗುವ ಯಂತ್ರದಲ್ಲಿ ಇಡಿಸಿದೆ. 138.3. ಉಳಿದ ಗ್ರಾಂಗಳಿಗೆ ಹೊಟ್ಟೆಯಲ್ಲಿ ಮೂರು ಸಣ್ಣ ತೂತು ಹಾಕಿ, ಎರಡಕ್ಕೆ ಗಿಡ್ಡ ಸ್ಕ್ರೂ ತಿರುಗಿಸಿ 140.5ಕ್ಕೆ ತಂದು, ಮೂರನೆಯದನ್ನು ಖಾಲಿ ಬಿಟ್ಟೆವು. ಅದಕ್ಕೆ ಬೇಕಾದ ಸ್ಕ್ರೂ ಒಂದನ್ನು, ಒಂದು ಗ್ರಾಮಿಗಿಂತ ತುಸು ಕಡಿಮೆಯದು, ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟೆ. ರೇಸಿನ ದಿನ ಅಲ್ಲಿನ ತಕ್ಕಡಿ ಏನು ಹೇಳುತ್ತದೋ ಅದೇ ಕೊನೆಯ ಮಾತು. ಜಾಸ್ತಿ ಬಂದರೆ ಒಂದು ಸ್ಕ್ರೂ ಬಿಚ್ಚಬೇಕು, ಕಡಿಮೆ ಬಂದರೆ ಒಂದು ಹಾಕಬೇಕು. ಅಲ್ಲಿ ನಿಂತು ಕಟ್ಟಿಗೆ ಕೊರೆಯುವಂತಾಗಬಾರದು.

ಫೆಬ್ರವರಿಯ ಒಂದು ಶನಿವಾರ ರಾತ್ರಿ ಎಂಟೂವರೆಗೆ ಫೋನ್ ಬಂತು, ಅಲ್ಲಿ ಆಗ ಬೆಳಗ್ಗೆ ಹತ್ತು. ಹಿಂದೆ ಮಕ್ಕಳ ಗದ್ದಲ. ಊಟದ ತಾಟು ಬಿಟ್ಟು ಎದ್ದೆ.

"ಮಾಮಾ, ತಕ್ಕಡಿ 4.9 ತೋರಸಾಕತ್ತೈತಿ."

"ಹಂಗಾರ ಡಬ್ಯಾಗಿನ ಸ್ಕ್ರೂ ಹಾಕು."

"ಹಾಕಿದ್ನಿ. ಈಗ 5.0."

ಆ ಕಡೆ ಯಾರೋ ಅವನ ಹೆಸರು ಕೂಗಿದರು. ಫೋನ್ ತಂಗಿಯ ಕೈಗೆ ಕೊಟ್ಟು ಓಡಿದ.